ಬೆಳಿಗ್ಗೆ ಸ್ಟಾರ್ಟ್ ಆಗದ ಡೀಸೆಲ್ ಪಿಕಪ್: ಪಂಪ್ ಬದಲಿಸುವ ಮುನ್ನ

ಪ್ರಶ್ನೆ: ನಮಸ್ಕಾರ ಸರ್. ನಾನು ಶಿರಸಿಯಲ್ಲಿ ಕಾಮನ್ ರೈಲ್ ಡೀಸೆಲ್ ಎಂಜಿನ್‌ನ ಪಿಕಪ್ ಒಂದನ್ನು ಬಾಡಿಗೆಗೆ ಓಡಿಸುತ್ತೇನೆ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬಹಳ ಹೊತ್ತು ಸುಮ್ಮನೆ ತಿರುಗುತ್ತದೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿದರೆ ಒಡನೆ ಸ್ಟಾರ್ಟ್ ಆಗುತ್ತದೆ. ಕುಮಟಾದಿಂದ ಲೋಡ್ ಹೇರಿಕೊಂಡು ದೇವಿಮನೆ ಘಟ್ಟ ಏರುವಾಗ ಎಳೆತ ಕಡಿಮೆಯಾಗಿ ಎಂಜಿನ್ ದೀಪ ಹತ್ತುತ್ತದೆ. ಗ್ಯಾರೇಜಿನ ಸ್ಕ್ಯಾನರ್‌ನಲ್ಲಿ ಪಿ0087 ಎಂಬ ಕೋಡ್ ಬಂದಿದ್ದು, ಹೈ ಪ್ರೆಶರ್ ಪಂಪ್ ಹೋಗಿದೆ ಎನ್ನುತ್ತಾರೆ. ಡೀಸೆಲ್ ಎಲ್ಲಿಯೂ ಸೋರುತ್ತಿಲ್ಲ. ಪಂಪ್ ಬದಲಿಸಲೇಬೇಕೇ?

ಉತ್ತರ: ಸದ್ಯಕ್ಕೆ ಬೇಡ. ರೈಲ್‌ನಲ್ಲಿ (ಹೈ ಪ್ರೆಶರ್ ಪಂಪ್ ಒತ್ತಿದ ಡೀಸೆಲನ್ನು, ಎಂಜಿನ್ ಒಳಗೆ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಹಂಚುವ ಕೊಳವೆ) ಇರಬೇಕಾದಷ್ಟು ಒತ್ತಡ ಇಲ್ಲ ಎಂಬುದಷ್ಟನ್ನೇ ಆ ಕೋಡ್ ತಿಳಿಸುತ್ತದೆ. ಏಕೆ ಇಲ್ಲ ಎಂಬುದನ್ನು ನಾವೇ ಹುಡುಕಬೇಕು. ಹ್ಯಾಂಡ್ ಪಂಪ್ ಒತ್ತಿದೊಡನೆ ಗಾಡಿ ಸ್ಟಾರ್ಟ್ ಆಗುತ್ತದೆ ಎಂದು ತಾವು ಬರೆದಿರುವುದೇ ಇಲ್ಲಿ ದೊಡ್ಡ ಸುಳಿವು. ಟ್ಯಾಂಕ್ ಒಳಗೆ ವಿದ್ಯುತ್ ಪಂಪ್ ಇಲ್ಲದ ಇಂತಹ ಗಾಡಿಗಳಲ್ಲಿ, ಟ್ಯಾಂಕಿನಿಂದ ಫಿಲ್ಟರ್ ಮೂಲಕ ಹೈ ಪ್ರೆಶರ್ ಪಂಪ್‌ವರೆಗಿನ ಪೈಪಿನಲ್ಲಿ ಡೀಸೆಲ್ ಎಳೆತದಿಂದ ಬರುತ್ತದೆಯೇ ಹೊರತು ತಳ್ಳಿದ್ದರಿಂದಲ್ಲ; ಆದ್ದರಿಂದ ಅಲ್ಲಿ ಎಲ್ಲಾದರೂ ಸಂದು ಬಿಟ್ಟಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಸೇರುತ್ತದೆ. ರಾತ್ರಿಯಿಡೀ ನಿಂತಾಗ ಆ ಸಂದಿನಿಂದ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿಗೆ ಮರಳಿಬಿಡುತ್ತದೆ. ಸ್ಟಾರ್ಟ್ ಆಗಲು ರೈಲ್‌ನಲ್ಲಿ ಸರಿಸುಮಾರು 200 ಬಾರ್ ಒತ್ತಡವಾದರೂ ಏರಬೇಕು. ಅಲ್ಲಿಯವರೆಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರ್‌ಗಳನ್ನು ತೆರೆಯುವುದಿಲ್ಲ.

ಫಿಲ್ಟರ್ ಮತ್ತು ಪಂಪ್ ನಡುವೆ ಅದೇ ಅಳತೆಯ, ಡೀಸೆಲ್ ತಾಳುವ ಒಂದು ಅಡಿ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಚಾಲೂ ಮಾಡಿ ನೋಡಿ. ಪೈಪ್ ಬಿಚ್ಚಿದಾಗ ಸೇರಿದ ಗಾಳಿಯಿಂದ ಮೊದಲಿಗೆ ಕೆಲವು ಗುಳ್ಳೆಗಳು ಬರುವುದು ಸಹಜ. ಆಮೇಲೂ ಗುಳ್ಳೆಗಳು ಸಾಲಾಗಿ ಬರುತ್ತಿದ್ದು, ರೇಸ್ ಕೊಟ್ಟಾಗ ಹೆಚ್ಚಾದರೆ ಗಾಳಿ ಸೇರುತ್ತಿರುವುದು ಖಚಿತ. ಬಳಿಕ ಫಿಲ್ಟರಿಗೆ ಬರುವ ಪೈಪನ್ನು ಬಿಡಿಸಿ, ಶುದ್ಧ ಡೀಸೆಲ್ ಇರುವ ಕ್ಯಾನ್‌ನಿಂದ ನೇರವಾಗಿ ಎಳೆಯಲು ಬಿಡಿ. ಗುಳ್ಳೆ ನಿಂತರೆ ದೋಷ ಟ್ಯಾಂಕ್ ಕಡೆಯ ಪೈಪಿನಲ್ಲಿದೆ. ನಿಲ್ಲದಿದ್ದರೆ ಫಿಲ್ಟರ್‌ನ ಓ ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ), ನೀರು ಬಿಡುವ ತಿರುಪು, ಹ್ಯಾಂಡ್ ಪಂಪ್‌ನ ಸೀಲ್ ಇವುಗಳನ್ನು ನೋಡಿ. ಇತ್ತೀಚೆಗೆ ಫಿಲ್ಟರ್ ಬದಲಿಸಿದ್ದೀರಾ?

ಮರುಪ್ರಶ್ನೆ: ಹೌದು ಸರ್, ಕಳೆದ ತಿಂಗಳು ಬದಲಿಸಿದ ಮೇಲೆಯೇ ಇದು ಆರಂಭವಾಯಿತು. ತಾವು ಹೇಳಿದಂತೆ ನೋಡಿದಾಗ ಕ್ಯಾನ್‌ನಿಂದ ಎಳೆದಾಗಲೂ ಗುಳ್ಳೆ ನಿಲ್ಲಲಿಲ್ಲ. ಫಿಲ್ಟರ್ ಬಿಚ್ಚಿದರೆ ಹಳೆಯ ಓ ರಿಂಗ್ ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಹೊಸದು ಹಾಕಿದ ಮೇಲೆ ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತಿದೆ. ಘಟ್ಟದಲ್ಲಿ ಮಾತ್ರ ಇನ್ನೂ ಸ್ವಲ್ಪ ಎಳೆತ ಸಾಲದು.

ಉತ್ತರ: ಹೊಸ ಫಿಲ್ಟರ್ ಜೊತೆ ಬರುವ ಓ ರಿಂಗನ್ನು ಡಬ್ಬದಲ್ಲೇ ಬಿಟ್ಟು ಹಳೆಯದನ್ನೇ ಕೂರಿಸುವುದು ನಮ್ಮ ಗ್ಯಾರೇಜುಗಳಲ್ಲಿ ಅಪರೂಪವೇನಲ್ಲ. ಘಟ್ಟದಲ್ಲಿ ಎಳೆತ ಬಿಟ್ಟಾಗ ಗಾಡಿಯನ್ನು ಬದಿಗೆ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆರೆಯಿರಿ. ಜೋರಾಗಿ ಗಾಳಿ ಒಳನುಗ್ಗಿದ ಸದ್ದು ಬಂದು, ಆಮೇಲೆ ಎಳೆತ ಮರಳಿದರೆ ಟ್ಯಾಂಕಿಗೆ ಗಾಳಿಯಾಡುವ ದಾರಿ ಕಟ್ಟಿದೆ. ಹಾಗಾಗದಿದ್ದರೆ ಟ್ಯಾಂಕಿನೊಳಗಿನ ಜಾಲರಿಯಲ್ಲಿ ಕಸ ಸೇರಿರಬಹುದು. ಇವೆರಡೂ ಸರಿಯಿದ್ದರೆ ಮಾತ್ರ ಇಂಜೆಕ್ಟರ್‌ಗಳ ರಿಟರ್ನ್ ಪರೀಕ್ಷೆ ಮಾಡಿಸಿ: ಪ್ರತಿಯೊಂದರಿಂದ ಡೀಸೆಲ್ ಮರಳಿ ಹೋಗುವ ರಿಟರ್ನ್ ಪೈಪನ್ನು ಬೇರೆ ಬೇರೆ ಸೀಸೆಗೆ ಬಿಟ್ಟು ಎಂಜಿನ್ ಓಡಿಸಿದಾಗ, ಉಳಿದವುಗಳಿಗಿಂತ ಬಹಳ ಬೇಗ ಒಂದು ಸೀಸೆ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ ಎಂದರ್ಥ.

ಇನ್ನೊಬ್ಬ ಸದಸ್ಯರು: ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಏರ್ ತೆಗೆಯಲು ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುತ್ತೇವೆ. ಇಲ್ಲಿಯೂ ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಕಾಮನ್ ರೈಲ್‌ನಲ್ಲಿ ಲೋಡ್ ಇದ್ದಾಗ ಒತ್ತಡ 1000 ಬಾರ್ ದಾಟುತ್ತದೆ. ನಟ್ ಸಡಿಲಿಸಿದರೆ ಚಿಮ್ಮುವ ಡೀಸೆಲಿನ ಸಣ್ಣ ಎರಚಲು ಕೈಗವಸನ್ನೂ ಚರ್ಮವನ್ನೂ ತೂರಿಕೊಂಡು ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಈ ಎಂಜಿನ್‌ಗಳಲ್ಲಿ ಏರ್ ತೆಗೆಯಲು ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿದರೆ ಸಾಕು. ರೈಲ್ ಕಡೆಯ ಯಾವ ನಟ್ಟನ್ನೂ ಎಂಜಿನ್ ನಿಲ್ಲಿಸಿ, ಒತ್ತಡ ಇಳಿದಿರುವುದನ್ನು ಸ್ಕ್ಯಾನರ್‌ನಲ್ಲಿ ನೋಡಿಕೊಂಡ ಮೇಲೆಯೇ ಮುಟ್ಟಬೇಕು.