ಮಕ್ಕಳ ಕಣ್ಣು ಮತ್ತು ಮೆಳ್ಳೆಗಣ್ಣಿನ ಫೆಲೋಶಿಪ್: ಸೇರುವ ಮೊದಲು ಏನನ್ನು ವಿಚಾರಿಸಬೇಕು?

ಪ್ರಶ್ನೆ: ನಾನು ನೇತ್ರವಿಜ್ಞಾನದ ಎಂ.ಎಸ್. ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಕಲಬುರಗಿ ಕಡೆಯೇ ವೃತ್ತಿ ಮಾಡುವ ಇಚ್ಛೆಯಿದೆ. ಎಂ.ಎಸ್. ನಂತರದ ವಿಶೇಷ ತರಬೇತಿಯಾದ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ ಸಂಸ್ಥೆಯ ಹೆಸರನ್ನು ನೋಡಬೇಕೋ, ಕೈಗೆ ಸಿಗುವ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನು ನೋಡಬೇಕೋ?

ಉತ್ತರ: ಮದುರೈನ ಅರವಿಂದ್, ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ ಈ ತರಬೇತಿಗೆ ಹೆಸರಾದವು. ಅವಧಿ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ. ಆದರೆ ಹೆಸರು, ಸಂಖ್ಯೆ ಎರಡಕ್ಕಿಂತ ಮೊದಲು, ಹೊರರೋಗಿ ವಿಭಾಗದಲ್ಲಿ ನೀವು ಪರೀಕ್ಷಿಸಿದ ಮಗುವನ್ನು ಹಿರಿಯರು ಅದೇ ದಿನ ಮತ್ತೊಮ್ಮೆ ಅಳೆದು ನಿಮ್ಮನ್ನು ತಿದ್ದುವ ಪದ್ಧತಿ ಅಲ್ಲಿದೆಯೇ ಎಂದು ಈಗಾಗಲೇ ಅಲ್ಲಿರುವ ಫೆಲೋಗಳನ್ನು ಕೇಳಿ ತಿಳಿದುಕೊಳ್ಳಿ.

ಮೆಳ್ಳೆಗಣ್ಣಿನ ಆಪರೇಷನ್‌ನಲ್ಲಿ ಕಣ್ಣಿನ ಸ್ನಾಯುವನ್ನು ಹಿಂದಕ್ಕೆ ಸರಿಸಿ ಹೊಲಿಯುವುದನ್ನು ಒಳ್ಳೆಯ ಗುರುವಿನ ಕೈಕೆಳಗೆ ಕೆಲವು ತಿಂಗಳಲ್ಲಿ ಕಲಿಯಬಹುದು. ಸ್ನಾಯು ಅಂಟಿಕೊಂಡ ಜಾಗದ ಹಿಂದೆ ಸ್ಕ್ಲೀರಾದ (ಕಣ್ಣಿನ ಬಿಳಿ ಹೊರಪದರ) ದಪ್ಪ ಸುಮಾರು 0.3 ಮಿ.ಮೀ. ಮಾತ್ರ ಇರುವುದರಿಂದ ಸೂಜಿಯ ಮೇಲೆ, ಸ್ನಾಯುವನ್ನು ಎಳೆದಾಗ ಹೃದಯಬಡಿತ ಕುಸಿಯಬಹುದಾದ್ದರಿಂದ ಮಾನಿಟರಿನ ಮೇಲೆ ಸದಾ ಗಮನವಿರಬೇಕು, ಅಷ್ಟೆ. ಕಾಲ ಹಿಡಿಯುವುದು ಅಳತೆ ಮತ್ತು ನಿರ್ಧಾರ. ಮೂರು ವರ್ಷದ ಮಗುವಿನ ಕಣ್ಣು ಒಳಕ್ಕೆ ತಿರುಗಿದೆ ಎಂದುಕೊಳ್ಳಿ. ಕಣ್ಣಿನ ಫೋಕಸ್ ಶಕ್ತಿಯನ್ನು ತಡೆಯುವ ಅಟ್ರೋಪಿನ್ ಹಾಕಿ, ಬೆಳಕು ಹಾಯಿಸಿ ಪವರ್ ಅಳೆಯುವ ರೆಟಿನೋಸ್ಕೋಪಿ ಮಾಡಿದಾಗ ಐದು ಡಯಾಪ್ಟರ್ ಪ್ಲಸ್ ಪವರ್ ಹೊರಬಿದ್ದರೆ, ಎಷ್ಟೋ ವೇಳೆ ಕನ್ನಡಕವೊಂದರಿಂದಲೇ ಕಣ್ಣು ನೇರವಾಗುತ್ತದೆ. ಅದನ್ನು ಕಂಡುಹಿಡಿಯದೆ ಆಪರೇಷನ್ ಮಾಡಿದವರು ಕೆಲವು ವರ್ಷಗಳ ನಂತರ ಅದೇ ಮಗುವಿನ ಕಣ್ಣು ಹೊರಕ್ಕೆ ತಿರುಗಿದ್ದನ್ನು ನೋಡಬೇಕಾಗಬಹುದು. ಅಳುವ ಮಗುವಿನಲ್ಲೂ ರೆಟಿನೋಸ್ಕೋಪಿಯನ್ನು ನಂಬಿಕೆಯಿಂದ ಮಾಡುವಷ್ಟು ಅಭ್ಯಾಸವಾಗದಿದ್ದರೆ ಈ ತರಬೇತಿ ಪೂರ್ತಿಯಾಗಿಲ್ಲವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಅವಧಿಪೂರ್ವ ಶಿಶುಗಳ ಅಕ್ಷಿಪಟಲದ (ರೆಟಿನಾ) ಕಾಯಿಲೆಯಾದ ಆರ್‌ಒಪಿಯ ತಪಾಸಣೆ ಇದರಲ್ಲಿ ಸೇರಿರುತ್ತದೆಯೇ?

ಉತ್ತರ: ಕೆಲವು ಕಡೆ ಅದು ರೆಟಿನಾ ವಿಭಾಗದ ಕೆಲಸ, ಆದ್ದರಿಂದ ಮೊದಲೇ ಕೇಳಿಕೊಳ್ಳಿ. ನೀವು ಜಿಲ್ಲಾ ಕೇಂದ್ರದಲ್ಲಿ ಕೆಲಸ ಮಾಡುವವರಾದ್ದರಿಂದ ಇದನ್ನು ಬಿಡಲೇಬಾರದು. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ನಾಲ್ಕು ವಾರದೊಳಗೆ ಮೊದಲ ತಪಾಸಣೆ ಆಗಬೇಕು. ತೀರಾ ಚಿಕ್ಕ ಶಿಶುಗಳಿಗೆ ಇನ್ನೂ ಬೇಗ. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆ, ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಲ್ಲಿ ತೆಗೆದ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ನೋಡಿ ತೀರ್ಮಾನಿಸಬಹುದೆಂದು ತೋರಿಸಿಕೊಟ್ಟಿತು. ಆದರೂ ಲೇಸರ್ ಬೇಕೆಂದಾದ ಮಗುವಿಗೆ ಎರಡು-ಮೂರು ದಿನದೊಳಗೆ ಚಿಕಿತ್ಸೆ ಸಿಗಬೇಕು, ಅದನ್ನು ಮಾಡಬಲ್ಲವರು ಹತ್ತಿರದಲ್ಲಿರಬೇಕು.

ಪ್ರಶ್ನೆ: ಹುಟ್ಟಿನಿಂದಲೇ ಇರುವ ಪೊರೆಯ ಆಪರೇಷನ್? ವಿದೇಶದಲ್ಲಿ ಕೆಲವು ತಿಂಗಳ ಅಬ್ಸರ್ವರ್‌ಶಿಪ್ ಮಾಡಿದರೆ ಉಪಯೋಗವಿದೆಯೇ?

ಉತ್ತರ: ಅಬ್ಸರ್ವರ್‌ಶಿಪ್‌ನಲ್ಲಿ ನೋಡಬಹುದು, ಕೈ ಹಾಕುವಂತಿಲ್ಲ, ಫೆಲೋಶಿಪ್ ಮುಗಿದ ಮೇಲೆ ಹೋದರೆ ಹೆಚ್ಚು ಲಾಭ. ಪೊರೆಯ ವಿಷಯದಲ್ಲಿ, ದೃಷ್ಟಿಯನ್ನು ಪೂರ್ತಿ ತಡೆಯುವ ಪೊರೆ ಒಂದೇ ಕಣ್ಣಿನಲ್ಲಿದ್ದರೆ ಹುಟ್ಟಿದ ಸುಮಾರು ಆರು ವಾರದೊಳಗೆ, ಎರಡರಲ್ಲೂ ಇದ್ದರೆ ಎಂಟು ವಾರದೊಳಗೆ ತೆಗೆಯುವುದು ಒಳ್ಳೆಯದು. ಹಾಗಾಗಿ ಶಿಶುಗಳ ಅರಿವಳಿಕೆ ತಜ್ಞರು ನಿತ್ಯ ಲಭ್ಯವಿರುವ ಸಂಸ್ಥೆಯನ್ನೇ ಆರಿಸಿ. ಆಪರೇಷನ್ ಚೆನ್ನಾಗಿ ಆದ ಮಾತ್ರಕ್ಕೆ ಮಗುವಿಗೆ ಕಾಣುವುದಿಲ್ಲ. ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್, ಪ್ಯಾಚ್ (ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚುವುದು), ವರ್ಷಗಟ್ಟಲೆ ತಪಾಸಣೆ ನಡೆಯಬೇಕು. ಪ್ಯಾಚಿನ ವಿಷಯದಲ್ಲಿ ಇನ್ನೊಂದು ಮಾತು, ಸಾಧಾರಣ ಪ್ರಮಾಣದ ಸೋಮಾರಿ ಕಣ್ಣಿಗೆ (ಬಳಕೆಯಿಲ್ಲದೆ ದೃಷ್ಟಿ ಕುಗ್ಗಿದ ಕಣ್ಣು) ದಿನಕ್ಕೆ ಎರಡು ಗಂಟೆಯ ಪ್ಯಾಚ್ ಆರು ಗಂಟೆಯಷ್ಟೇ ಫಲ ಕೊಡುತ್ತದೆಂದು 2003ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹೊಲಕ್ಕೆ ಹೋಗುವ ತಾಯಿಗೆ ಈ ನಾಲ್ಕು ಗಂಟೆಯ ವ್ಯತ್ಯಾಸ ಬಹಳ ದೊಡ್ಡದು. ಆದ್ದರಿಂದ ತರಬೇತಿಯಲ್ಲಿರುವಾಗ ಮೆಳ್ಳೆಗಣ್ಣು, ಸೋಮಾರಿ ಕಣ್ಣುಗಳನ್ನು ಪರೀಕ್ಷಿಸುವ ಆರ್ಥೊಪ್ಟಿಸ್ಟ್ ಮತ್ತು ಕನ್ನಡಕದ ಪವರ್ ನೋಡುವ ಆಪ್ಟೊಮೆಟ್ರಿಸ್ಟ್‌ಗಳ ಪಕ್ಕದಲ್ಲಿ ಕುಳಿತು, ಅವರು ಮನೆಯವರೊಂದಿಗೆ ಪ್ಯಾಚ್ ಬಗ್ಗೆ ಹೇಗೆ ಮಾತನಾಡುತ್ತಾರೆಂಬುದನ್ನೂ ಕಲಿಯಿರಿ.