ಮೈನಸ್ 19 ಅಂತ ಬರೆದಿದ್ದ ಡೌನ್ ಸ್ಲೀಪಿಂಗ್ ಬ್ಯಾಗಿನಲ್ಲೂ ಚಳಿ: ಇನ್ನೂ ದಪ್ಪದ್ದು ಕೊಳ್ಳಬೇಕಾ?

ಹಿಮಪ್ರಿಯೆ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಈ ಡಿಸೆಂಬರ್ ಕೊನೆಗೆ ಕೇದಾರಕಂಠಕ್ಕೆ ಹೊರಟಿದ್ದೇವೆ. ಅದಕ್ಕೆ ಮುಂಚೆ ಒಂದು ಸಮಸ್ಯೆ ಬಗೆಹರಿಸಿಕೊಳ್ಳಬೇಕು.

ನನ್ನ ಹತ್ತಿರ ಒಂದು ಡೌನ್ ಬ್ಯಾಗ್ ಇದೆ, ಅಂದರೆ ಬಾತು, ಹೆಬ್ಬಾತಿನ ಮೆತ್ತನೆಯ ಒಳಗರಿ ತುಂಬಿದ್ದು. ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಮೈನಸ್ 19 ಅಂತ ಅಚ್ಚಾಗಿದೆ. ಅಂಗಡಿಯವರೂ "ಹಿಮದಲ್ಲಿ ಆರಾಮಾಗಿ ಮಲಗಬಹುದು ಮೇಡಂ" ಅಂತಲೇ ಕೊಟ್ಟರು. ಹೋದ ಚಳಿಗಾಲದಲ್ಲಿ ಅದನ್ನು ಉತ್ತರಾಖಂಡದ ಇನ್ನೊಂದು ಚಾರಣಕ್ಕೆ ಒಯ್ದಿದ್ದೆ. ರಾತ್ರಿ ಮೈನಸ್ 6 ಡಿಗ್ರಿ ಇತ್ತು ಅಂತ ಗೈಡ್ ಹೇಳಿದರು. ಕಣ್ಣು ಮುಚ್ಚಲಿಕ್ಕೆ ಆಗಲಿಲ್ಲ. ಎದೆ, ಹೊಟ್ಟೆ ಪರವಾಗಿಲ್ಲ. ಆದರೆ ಸೊಂಟ, ಭುಜ ಕೊರೆಯುತ್ತಿತ್ತು. ಮಗ್ಗುಲು ಬದಲಿಸಿದರೆ ಆ ಕಡೆಯೂ ಅದೇ ಪಾಡು. ಪಾದ ಬೆಚ್ಚಗಾಗಲೇ ಇಲ್ಲ. ಬೆಳಿಗ್ಗೆ ಎದ್ದಾಗ ಮುಖದ ಹತ್ತಿರ ಬ್ಯಾಗಿನ ಬಟ್ಟೆ ಒದ್ದೆಯಾಗಿತ್ತು.

ಈಗ ಮೈನಸ್ 25, ಮೈನಸ್ 30 ಅಂತ ಬರೆದಿರುವ ಬ್ಯಾಗುಗಳನ್ನು ನೋಡುತ್ತಿದ್ದೇನೆ. ಬೆಲೆ ಸಿಕ್ಕಾಪಟ್ಟೆ. ಅಷ್ಟು ಕೊಟ್ಟರೆ ಚಳಿ ಹೋಗುತ್ತದಾ? ಫಿಲ್ ಪವರ್ 800 ಇದ್ದರೆ 650ಕ್ಕಿಂತ ಬೆಚ್ಚಗೆ ಅಂತಾರೆ, ನಿಜಾನಾ?

ಟೆಂಟ್‌ವಾಸಿ, ಬಸವನಗುಡಿ

ದುಡ್ಡು ಕೊಡುವ ಮುಂಚೆ ಸ್ವಲ್ಪ ತಾಳಿ ಮೇಡಂ. ಸೊಂಟ, ಭುಜ ಕೊರೆಯುತ್ತಿತ್ತು, ಎದೆ ಸರಿ ಇತ್ತು ಅಂದಿದ್ದೀರಿ. ಅಂದರೆ ಚಳಿ ನೆಲದಿಂದ ಬಂದಿದೆ. ಮೂರು ವಿಷಯ ತಿಳಿಸಿ. ಬ್ಯಾಗಿನ ಒಳಗೆ ಹೊಲಿದಿರುವ ಪುಟ್ಟ ಲೇಬಲ್‌ನಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಅಂಕಿ ಇರುತ್ತವೆ, ಅವು ಏನು? ಕೆಳಗೆ ಯಾವ ಮ್ಯಾಟ್ ಹಾಸಿದ್ದಿರಿ? ಬ್ಯಾಗ್ ಈಗ ಮನೆಯಲ್ಲಿ ಹೇಗೆ ಇಟ್ಟಿದ್ದೀರಿ?

ಹಿಮಪ್ರಿಯೆ, ವಿಜಯನಗರ

ಲೇಬಲ್ ಹುಡುಕಿದೆ ಸರ್. ಕಂಫರ್ಟ್ 2, ಲಿಮಿಟ್ ಮೈನಸ್ 3, ಎಕ್ಸ್‌ಟ್ರೀಮ್ ಮೈನಸ್ 19. ಡೌನ್ 450 ಗ್ರಾಂ, ಫಿಲ್ ಪವರ್ 650. ಮ್ಯಾಟ್ ಅಂದರೆ ಚಾರಣದವರೇ ಕೊಟ್ಟ ತೆಳು ಫೋಮ್, ಒಂದು ಸೆಂಟಿಮೀಟರ್ ಇದ್ದರೆ ಹೆಚ್ಚು. ಬ್ಯಾಗ್ ಅದರ ಚಿಕ್ಕ ಚೀಲದಲ್ಲೇ ತುರುಕಿ ಅಟ್ಟದ ಮೇಲೆ ಇಟ್ಟಿದೆ. ನನ್ನ ಎತ್ತರ 5 ಅಡಿ 2 ಇಂಚು.

ಟೆಂಟ್‌ವಾಸಿ, ಬಸವನಗುಡಿ

ಈಗ ಗೊತ್ತಾಯಿತು. ನಿಮಗೆ ಚಳಿಯಾಗಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಕವರಿನ ಮೇಲೆ ಎಕ್ಸ್‌ಟ್ರೀಮ್ ಅಂಕಿಯನ್ನು ದೊಡ್ಡದಾಗಿ ಹಾಕುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಮೊದಲ ಸಲ ಹಿಮಕ್ಕೆ ಹೋಗುವವರು ಅದನ್ನೇ ನಂಬುತ್ತಾರೆ.

ಈ ಅಂಕಿಗಳು ಬರುವುದು ಯುರೋಪಿನ ಇಎನ್ 13537 ಎಂಬ ಪರೀಕ್ಷೆಯಿಂದ. 2002ರಲ್ಲಿ ಶುರುವಾಯಿತು. ಆಮೇಲೆ ಅದರ ಜಾಗಕ್ಕೆ ಐಎಸ್‌ಒ 23537 ಬಂತು. ಮೈತುಂಬ ಸೆನ್ಸರ್ ಇರುವ, ಬಿಸಿಯಾಗುವ ಬೊಂಬೆಗೆ ಒಳಬಟ್ಟೆ ಹಾಕಿ, ಬ್ಯಾಗಿನೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಮೈ ಸಡಿಲ ಬಿಟ್ಟು ಮಲಗಿದರೂ ಚಳಿಯಾಗದ ಮಟ್ಟ. ಲಿಮಿಟ್ ಅಂದರೆ ಸಾಧಾರಣ ಗಂಡಸು ಮುದುಡಿಕೊಂಡು 8 ಗಂಟೆ ಹೇಗೋ ನಿದ್ದೆ ಮಾಡುವ ಮಟ್ಟ. ಎಕ್ಸ್‌ಟ್ರೀಮ್ ಅಂದರೆ 6 ಗಂಟೆ ಜೀವ ಉಳಿಯಬಹುದು, ಅಷ್ಟೇ. ಮೈ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು, ಬೆರಳು ಮರಗಟ್ಟಿ ಕೆಡಬಹುದು. ಅದು ನಿದ್ದೆಯ ಲೆಕ್ಕವೇ ಅಲ್ಲ.

ಹಾಗಾಗಿ ನಿಮ್ಮದು 2 ಡಿಗ್ರಿಯ ಬ್ಯಾಗ್. ಹೆಂಗಸರಿಗೆ ಸಾಮಾನ್ಯವಾಗಿ ಗಂಡಸರಿಗಿಂತ ಜಾಸ್ತಿ ಚಳಿ. ನೀವು ಯಾವ ಬ್ಯಾಗ್ ನೋಡಿದರೂ ಕಂಫರ್ಟ್ ಅಂಕಿ ಒಂದನ್ನೇ ನೋಡಿ. ಮಿಕ್ಕ ಎರಡನ್ನು ಮರೆತುಬಿಡಿ. ಈ ಮೂರು ಅಂಕಿ ಇಲ್ಲದೆ ಬರೀ ಒಂದೇ ಅಂಕಿ ಬರೆದಿರುವ ಬ್ಯಾಗನ್ನು ಹಿಮಕ್ಕೆ ನಾನಂತೂ ಕೊಳ್ಳುವುದಿಲ್ಲ.

ಇನ್ನು ಮ್ಯಾಟ್. ಇದು ಬ್ಯಾಗಿಗಿಂತ ಮುಖ್ಯ ಅಂತಲೇ ಹೇಳುತ್ತೇನೆ. ಡೌನ್ ತಾನಾಗಿ ಶಾಖ ಕೊಡುವುದಿಲ್ಲ. ಉಬ್ಬಿಕೊಂಡು ತನ್ನೊಳಗೆ ಗಾಳಿಯನ್ನು ಹಿಡಿದಿಡುತ್ತದೆ, ಆ ಗಾಳಿ ನಿಮ್ಮ ಮೈಶಾಖವನ್ನು ಹೊರಗೆ ಬಿಡುವುದಿಲ್ಲ. ನೀವು ಮಲಗಿದ ಕೂಡಲೇ ಕೆಳಗಿನ ಡೌನ್ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ. ಗಾಳಿಯೂ ಇಲ್ಲ, ಬೆಚ್ಚಗೂ ಇಲ್ಲ. ಭಾರ ಜಾಸ್ತಿ ಬೀಳುವುದು ಸೊಂಟ ಮತ್ತು ಭುಜದ ಮೇಲೆ. ಅಲ್ಲೇ ನಿಮಗೆ ಕೊರೆದಿದ್ದು. ಮೈನಸ್ 30ರ ಬ್ಯಾಗ್ ತಂದು ಅದೇ ತೆಳು ಫೋಮ್ ಮೇಲೆ ಮಲಗಿದರೆ ಸೊಂಟ ಹಾಗೇ ಕೊರೆಯುತ್ತದೆ. ಪರೀಕ್ಷೆಯ ಬೊಂಬೆಯನ್ನೂ ಒಳ್ಳೆಯ ಮ್ಯಾಟ್ ಮೇಲೆಯೇ ಮಲಗಿಸಿರುತ್ತಾರೆ.

ಮ್ಯಾಟ್ ಕೊಳ್ಳುವಾಗ ಆರ್ ವ್ಯಾಲ್ಯೂ ನೋಡಿ. ಮ್ಯಾಟ್ ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ ಅದು, ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಎಎಸ್‌ಟಿಎಂ ಎಫ್3340 ಎಂಬ ಪರೀಕ್ಷೆ ಬಂದ ಮೇಲೆ ಬೇರೆ ಬೇರೆ ಕಂಪನಿಯ ಮ್ಯಾಟ್‌ಗಳನ್ನು ಒಂದಕ್ಕೊಂದು ಹೋಲಿಸಬಹುದು. ಹಿಮಕ್ಕೆ 5ರ ಆಸುಪಾಸು ಬೇಕು. ಒಳ್ಳೆಯ ಮಡಚುವ ಫೋಮ್ ಮ್ಯಾಟ್ ಸುಮಾರು 2 ಕೊಡುತ್ತದೆ. ಗಾಳಿ ತುಂಬುವ, ಒಳಗೆ ಇನ್ಸುಲೇಷನ್ (ಶಾಖ ತಡೆಯುವ ಪದರ) ಇರುವ ಮ್ಯಾಟ್ 3 ಅಥವಾ ಅದಕ್ಕೂ ಹೆಚ್ಚು. ಒಂದರ ಮೇಲೊಂದು ಹಾಸಿದರೆ ಆರ್ ವ್ಯಾಲ್ಯೂ ಕೂಡುತ್ತದೆ, 2 ಮತ್ತು 3 ಸೇರಿ 5. ಫೋಮ್ ಕೆಳಗೆ, ಗಾಳಿಯದ್ದು ಮೇಲೆ. ಗಾಳಿಯದ್ದು ರಾತ್ರಿ ತೂತಾದರೂ ಫೋಮ್ ಉಳಿದಿರುತ್ತದೆ. ಇನ್ಸುಲೇಷನ್ ಇಲ್ಲದ ಗಾಳಿ ಮ್ಯಾಟ್ ಎಷ್ಟೇ ದಪ್ಪ ಇದ್ದರೂ ಹಿಮಕ್ಕೆ ಬೇಡ. ಒಳಗಿನ ಗಾಳಿ ತಿರುಗಾಡುತ್ತಾ ಶಾಖವನ್ನು ನೆಲಕ್ಕೆ ಒಯ್ಯುತ್ತದೆ.

ಫಿಲ್ ಪವರ್ ಬಗ್ಗೆ ಕೇಳಿದ್ದಿರಿ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನ್ ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೆ ಎಂಬ ಲೆಕ್ಕ ಅದು. ಬ್ಯಾಗಿನಲ್ಲಿ ಎಷ್ಟು ಡೌನ್ ಇದೆ ಅಂತ ಅದು ಹೇಳುವುದಿಲ್ಲ. 800ರ ಡೌನ್ 400 ಗ್ರಾಂ ಹಾಕಿದರೂ, 550ರ ಡೌನ್ 600 ಗ್ರಾಂ ಹಾಕಿದರೂ ಉಬ್ಬು ಹೆಚ್ಚುಕಡಿಮೆ ಒಂದೇ. ಬೆಚ್ಚಗಿರುವುದೂ ಹತ್ತಿರ ಹತ್ತಿರ ಅಷ್ಟೇ. 800ಕ್ಕೆ ಕೊಡುವ ಹೆಚ್ಚಿನ ದುಡ್ಡು ತೂಕ ಮತ್ತು ಜಾಗ ಉಳಿಸಲಿಕ್ಕೆ. ನಿಮ್ಮ ಸಾಮಾನನ್ನು ಹೇಸರಗತ್ತೆ ಹೊರುವುದಾದರೆ 650 ಸಾಕು, ಗ್ರಾಂ ಜಾಸ್ತಿ ಇರಲಿ.

ಕಾಲ್ನಡಿಗೆ, ಮಲ್ಲೇಶ್ವರಂ

ಟೆಂಟ್‌ವಾಸಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಷ್ಟು ಚಳಿ ಇರುತ್ತದೆ ಅಂತ ಅಂದಾಜು ಮಾಡುವಾಗ ಫೋನಿನಲ್ಲಿ ಸಾಂಕ್ರಿಯ ಹವಾಮಾನ ನೋಡಿ ಸುಮ್ಮನಾಗಬೇಡಿ. ಚಾರಣ ಶುರುವಾಗುವ ಹಳ್ಳಿ ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ. ಮೇಲಿನ ಕ್ಯಾಂಪ್ 3,400ರ ಹತ್ತಿರ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಸಾಂಕ್ರಿಯಲ್ಲಿ 0 ಇದ್ದರೆ ಮೇಲೆ ಮೈನಸ್ 9. ಮೋಡ ಇಲ್ಲದ ರಾತ್ರಿ ಇನ್ನೂ ಕೆಳಗೆ ಹೋಗಬಹುದು. ಮೈನಸ್ 10ಕ್ಕೆ ತಯಾರಾಗಿ ಹೋಗುವುದು ಒಳ್ಳೆಯದು.

ಆದರೆ ಹೊಸ ಡೌನ್ ಬ್ಯಾಗೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಇರುವ ಬ್ಯಾಗಿನ ಮೇಲೆ ಸಿಂಥೆಟಿಕ್ ಬ್ಯಾಗ್ (ಗರಿಯ ಬದಲು ಕೃತಕ ನಾರು ತುಂಬಿದ್ದು) ಒಂದನ್ನು ಹೊದಿಕೆಯಂತೆ ಹಾಕಿ. ಅದು ಅಗಲ ಇರಬೇಕು. ಬಿಗಿಯಾದರೆ ಒಳಗಿನ ಡೌನ್ ಅದುಮಿ ಹೋಗುತ್ತದೆ, ಇದ್ದ ಬೆಚ್ಚಗೂ ಹೋಯಿತು. ಇನ್ನೊಂದು ಲಾಭ ಇದೆ. ಮೈಯಿಂದ ಹೊರಡುವ ಆವಿ ಹೊರಪದರದಲ್ಲಿ ತಣ್ಣಗಾಗಿ ನೀರಾಗುತ್ತದೆ. ಆ ಪದರ ಸಿಂಥೆಟಿಕ್ ಆದರೆ ಡೌನ್ ಒಣಗಿಯೇ ಉಳಿಯುತ್ತದೆ. ಡೌನ್ ಒದ್ದೆಯಾದರೆ ಮುದ್ದೆಯಾಗಿಬಿಡುತ್ತದೆ, ಆಮೇಲೆ ಎಷ್ಟು ಫಿಲ್ ಪವರ್ ಇದ್ದೂ ಪ್ರಯೋಜನ ಇಲ್ಲ.

ಬೆಂಗಳೂರಿನವರಿಗೆ ಇದು ಸರಿಹೊಂದುವ ದಾರಿ ಅಂತ ನನ್ನ ಅಭಿಪ್ರಾಯ. ನಮ್ಮೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮೈನಸ್ 10ರ ಡೌನ್ ಬ್ಯಾಗ್ ವರ್ಷಪೂರ್ತಿ ಬೀರುವಿನಲ್ಲೇ ಇರುತ್ತದೆ. ಸಿಂಥೆಟಿಕ್ ಆದರೆ ಒಂದನ್ನೇ ಮಲೆನಾಡಿನ ಕಡೆಗೂ ಒಯ್ಯಬಹುದು. ಅಲ್ಲಿ ಇಬ್ಬನಿ, ತೇವ ಜಾಸ್ತಿ, ಡೌನ್ ಬೇಡವೇ ಬೇಡ.

ಟೆಂಟ್‌ವಾಸಿ, ಬಸವನಗುಡಿ

ಎರಡು ಬ್ಯಾಗಿನ ಉಪಾಯ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ತೂಕ ಎರಡು ಕಿಲೋ ದಾಟುತ್ತದೆ, ಜಾಗವೂ ಬೇಕು. ವರ್ಷ ವರ್ಷ ಹಿಮಾಲಯಕ್ಕೆ ಹೋಗುವವರಾದರೆ ಕಂಫರ್ಟ್ ಮೈನಸ್ 7ರಿಂದ ಮೈನಸ್ 10ರ ಒಂದೇ ಬ್ಯಾಗ್ ವಾಸಿ. ಹಾಗೆ ಕೊಳ್ಳುವುದಾದರೆ ಅಂಗಡಿಯಲ್ಲಿ ಬ್ಯಾಗನ್ನು ನೆಲಕ್ಕೆ ಹಾಸಿಸಿ ಒಳಗೆ ಮಲಗಿ ನೋಡಿ. ನಾಚಿಕೊಳ್ಳಬೇಡಿ. ಜಿಪ್ ಉದ್ದಕ್ಕೂ ಒಳಗೆ ಡೌನ್ ತುಂಬಿದ ಪಟ್ಟಿ ಇರಬೇಕು, ಇಲ್ಲದಿದ್ದರೆ ಜಿಪ್ ಸಂದಿಯಿಂದಲೇ ಗಾಳಿ ಬರುತ್ತದೆ. ಕುತ್ತಿಗೆ ಸುತ್ತ ಬಿಗಿ ಮಾಡುವ ಕಾಲರ್ ಇರಬೇಕು. ಹೊರಗಿನ ಬಟ್ಟೆಗೂ ಒಳಗಿನ ಬಟ್ಟೆಗೂ ನೇರವಾಗಿ ಹೊಲಿಗೆ ಹಾಕಿದ್ದರೆ ಆ ಹೊಲಿಗೆಯ ಸಾಲಿನಲ್ಲಿ ಡೌನ್ ಇರುವುದಿಲ್ಲ, ಸಾಲು ಸಾಲಾಗಿ ತಣ್ಣಗಿರುತ್ತದೆ. ಎರಡರ ನಡುವೆ ಬಲೆಬಟ್ಟೆಯ ಗೋಡೆ ಇಟ್ಟು ಮಾಡಿದ ಬ್ಯಾಗ್ ಹಿಮಕ್ಕೆ ಸರಿ.

ಮೇಡಂ 5 ಅಡಿ 2 ಇಂಚು. 6 ಅಡಿಯವರಿಗೆ ಮಾಡಿದ ಬ್ಯಾಗ್ ತೆಗೆದುಕೊಂಡರೆ ಕಾಲ ಬುಡದಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದನ್ನೂ ನಿಮ್ಮ ಮೈಶಾಖವೇ ಬಿಸಿ ಮಾಡಬೇಕು. ನಿಮ್ಮ ಪಾದ ಬೆಚ್ಚಗಾಗದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಚಿಕ್ಕ ಸೈಜ್ ಸಿಗದಿದ್ದರೆ ನಾಳೆಯ ಒಣ ಬಟ್ಟೆಯನ್ನು ಆ ಜಾಗಕ್ಕೆ ತುರುಕಿ. ಬೆಳಿಗ್ಗೆ ಬಟ್ಟೆಯೂ ಬೆಚ್ಚಗಿರುತ್ತದೆ.

ಗುಡ್ಡಗಾಡು, ಯಲಹಂಕ

ಹಿಮಪ್ರಿಯೆ ಅವರೇ, ಬ್ಯಾಗನ್ನು ಒಂದು ವರ್ಷ ಚಿಕ್ಕ ಚೀಲದಲ್ಲಿ ಅದುಮಿ ಇಟ್ಟಿದ್ದೀರಿ ಅಂದಿರಿ. ಇವತ್ತೇ ಹೊರಗೆ ತೆಗೆಯಿರಿ. ಡೌನ್ ಹಾಗೆ ಅದುಮಿಟ್ಟರೆ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವ ಭಯವೂ ಇದೆ. ಹಾಸಿಗೆ ಮೇಲೆ ಹರಡಿ, ಚೆನ್ನಾಗಿ ಕೊಡವಿ, ಒಂದೆರಡು ಗಂಟೆ ಬಿಡಿ. ಆಮೇಲೆ ರಾತ್ರಿ ದೀಪ ಆರಿಸಿ, ಫೋನಿನ ಟಾರ್ಚನ್ನು ಬ್ಯಾಗಿನ ಒಳಗೆ ಇಟ್ಟು ಹೊರಗಿನಿಂದ ನೋಡಿ. ತೆಳು ಬಟ್ಟೆಯಾದರೆ ಡೌನ್ ಇರುವ ಕಡೆ ಮಬ್ಬು, ಇಲ್ಲದ ಕಡೆ ಬೆಳಕು ಹಾಯುತ್ತದೆ. ಹೊಲಿಗೆಗಳ ನಡುವೆ ಡೌನ್ ತುಂಬಿರುವ ಪ್ರತಿ ಅರೆಯನ್ನೂ ನೋಡುತ್ತಾ ಹೋಗಿ. ಖಾಲಿ ಇರುವ ಕಡೆಗೆ ಪಕ್ಕದ ಡೌನನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ಸರಿಸಿ.

ಗಂಟು ಗಂಟಾಗಿದ್ದರೆ ಒಗೆಯಬೇಕು. ನಡುವೆ ತಿರುಗುವ ಕಂಬ ಇರುವ ಟಾಪ್ ಲೋಡ್ ಮೆಷಿನ್‌ಗೆ ಹಾಕಬೇಡಿ, ಒಳಗಿನ ಗೋಡೆ ಹರಿಯುತ್ತದೆ. ದೊಡ್ಡ ಫ್ರಂಟ್ ಲೋಡ್, ಡೌನ್‌ಗೆಂದೇ ಇರುವ ಸೋಪು, ತಣ್ಣೀರು. ಮೆಷಿನ್ ಇಲ್ಲದಿದ್ದರೆ ಸ್ನಾನದ ಮನೆಯ ದೊಡ್ಡ ಟಬ್‌ನಲ್ಲಿ ಕೈಯಿಂದ ಅದುಮಿ ಒಗೆಯಿರಿ, ಹಿಂಡಬೇಡಿ. ನೀರು ಹೀರಿದ ಬ್ಯಾಗನ್ನು ಒಂದು ತುದಿ ಹಿಡಿದು ಎತ್ತಬೇಡಿ, ಎರಡೂ ಕೈ ಕೆಳಗೆ ಕೊಟ್ಟು ಎತ್ತಿ. ಒಣಗಿಸಲಿಕ್ಕೆ ಕಮ್ಮಿ ಬಿಸಿಯ ಡ್ರೈಯರ್, ಜೊತೆಗೆ ಎರಡು ಮೂರು ಟೆನಿಸ್ ಚೆಂಡು. ಚೆಂಡು ಬಡಿದು ಗಂಟು ಒಡೆಯುತ್ತದೆ. ಬೇಗ ಮುಗಿಯುವ ಕೆಲಸ ಅಲ್ಲ. ಹೊರಗೆ ಒಣಗಿದೆ ಅನ್ನಿಸಿದರೂ ಒಳಗೆ ತೇವ ಇರುತ್ತದೆ. ಆಮೇಲೆ ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿ ಇಡಿ. ಹಳೆ ರಜಾಯಿ ಕವರ್ ಆದರೂ ನಡೆಯುತ್ತದೆ.

ಹಿಮಪ್ರಿಯೆ, ವಿಜಯನಗರ

ಟಾರ್ಚ್ ಹಾಕಿ ನೋಡಿದೆ. ಪಾದದ ಹತ್ತಿರ ಎರಡು ಅರೆ ಹೆಚ್ಚುಕಡಿಮೆ ಖಾಲಿ! ಡೌನೆಲ್ಲ ಒಂದು ಪಕ್ಕಕ್ಕೆ ಸರಿದಿತ್ತು. ತಟ್ಟಿ ತಟ್ಟಿ ಸರಿ ಮಾಡಿದೆ, ಈಗ ಚೆನ್ನಾಗಿ ಉಬ್ಬಿದೆ. ಗಂಟು ಇಲ್ಲ, ಹಾಗಾಗಿ ಒಗೆಯುವುದಿಲ್ಲ.

ಸದ್ಯಕ್ಕೆ ಡೌನ್ ಬ್ಯಾಗ್ ಕೊಳ್ಳುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಆ ದುಡ್ಡಿನಲ್ಲಿ ಒಳ್ಳೆಯ ಗಾಳಿ ಮ್ಯಾಟ್, ಮಡಚುವ ಫೋಮ್, ಅಗಲದ ಸಿಂಥೆಟಿಕ್ ಬ್ಯಾಗ್ ಮೂರೂ ಬರುತ್ತವೆ. ಸಾಮಾನು ಹೊರಲಿಕ್ಕೆ ಹೇಸರಗತ್ತೆ ಇದೆ. ಇನ್ನೆರಡು ಅನುಮಾನ. ಮುಖದ ಹತ್ತಿರ ಒದ್ದೆಯಾಗಿದ್ದು ಯಾಕೆ? ಜಾಕೆಟ್ ಹಾಕಿಕೊಂಡೇ ಮಲಗಬಹುದಾ? ಜೊತೆಗೆ ಒಂದು ಹೊಲಿಗೆಯಿಂದ ಚೂಪಾದ ಗರಿ ಹೊರಗೆ ಬಂದಿದೆ, ಎಳೆದು ಬಿಸಾಕಲಾ?

ಟೆಂಟ್‌ವಾಸಿ, ಬಸವನಗುಡಿ

ಒದ್ದೆಗೆ ಕಾರಣ ನಿಮ್ಮ ಉಸಿರು. ಚಳಿಗೆ ಮುಖವನ್ನೂ ಒಳಗೆ ಹಾಕಿಕೊಂಡು ಮಲಗಿರುತ್ತೀರಿ, ಎಲ್ಲರೂ ಹಾಗೇ ಮಾಡುತ್ತಾರೆ. ಉಸಿರಿನ ಆವಿಯೆಲ್ಲ ಡೌನ್‌ಗೆ ಇಳಿಯುತ್ತದೆ. ಮಂಕಿ ಟೋಪಿ ಹಾಕಿ, ಹುಡ್ ಬಿಗಿ ಮಾಡಿ, ಮೂಗು ಬಾಯಿ ಮಾತ್ರ ಹೊರಗೆ ಇರಲಿ. ಟೆಂಟಿನ ಗಾಳಿಕಿಂಡಿ ಮುಚ್ಚಬೇಡಿ. ಮೂರು ಜನ ಮಲಗಿದರೆ ಗೋಡೆಯಲ್ಲಿ ಆವಿ ಹೆಪ್ಪುಗಟ್ಟಿ ಬೆಳಿಗ್ಗೆ ಮೈಮೇಲೆ ಉದುರುತ್ತದೆ. ಎದ್ದ ಮೇಲೆ ಬಿಸಿಲು ಬಂದರೆ ಬ್ಯಾಗನ್ನು ಒಳಹೊರಗು ಮಾಡಿ ಸ್ವಲ್ಪ ಹೊತ್ತು ಹರವಿ.

ಜಾಕೆಟ್ ಹಾಕಿಕೊಳ್ಳಬಹುದು, ಬ್ಯಾಗಿನೊಳಗೆ ಸಡಿಲ ಇದ್ದರೆ ಮಾತ್ರ. ಬಿಗಿಯಾದರೆ ಜಾಕೆಟನ್ನು ಮೇಲೆ ಹೊದ್ದುಕೊಳ್ಳಿ. ಹಗಲು ನಡೆದ ಸಾಕ್ಸ್, ಬನಿಯನ್ ಬೇಡ, ಬೆವರಿನ ತೇವ ಇರುತ್ತದೆ. ಮಲಗುವುದಕ್ಕೆಂದೇ ಒಂದು ಜೊತೆ ಒಣ ಬಟ್ಟೆ ಬೇರೆ ಇಡಿ. ಮಲಗುವ ಮುಂಚೆ ಕಡಲೆಬೀಜದ ಚಿಕ್ಕಿ ತಿನ್ನಿ, ಎರಡು ನಿಮಿಷ ಕೈಕಾಲು ಆಡಿಸಿ, ಮೈ ಬಿಸಿಯಾದ ಮೇಲೆ ಒಳಗೆ ಹೋಗಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಸೋರುವುದಿಲ್ಲ ಅಂತ ತಲೆಕೆಳಗೆ ಮಾಡಿ ನೋಡಿ, ಸಾಕ್ಸ್ ತೊಡಿಸಿ ಕಾಲ ಹತ್ತಿರ ಇಡಿ. ರಾತ್ರಿ ಮೂತ್ರಕ್ಕೆ ಅವಸರವಾದರೆ ತಡೆದುಕೊಂಡು ಮಲಗಬೇಡಿ, ಹೋಗಿ ಬನ್ನಿ, ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಗರಿಯನ್ನು ಎಳೆಯಬೇಡಿ. ಎಳೆದರೆ ತೂತು ದೊಡ್ಡದಾಗುತ್ತದೆ, ಅದರ ಹಿಂದೆ ಇನ್ನಷ್ಟು ಡೌನ್ ಬರುತ್ತದೆ. ಬಟ್ಟೆಯ ಒಳಮಗ್ಗುಲಿನಿಂದ ಗರಿಯ ಬುಡವನ್ನು ಬೆರಳಿಗೆ ಸಿಗಿಸಿ ಒಳಗೇ ಎಳೆದುಕೊಳ್ಳಿ. ಆಮೇಲೆ ಆ ಜಾಗವನ್ನು ಉಗುರಿನಿಂದ ಮೆಲ್ಲಗೆ ಉಜ್ಜಿ, ತೂತು ಮುಚ್ಚಿಕೊಳ್ಳುತ್ತದೆ. ಬಟ್ಟೆ ಹರಿದಿದ್ದರೆ ಟೆಂಟ್ ರಿಪೇರಿಯ ಟೇಪ್ ಅಂಟಿಸಿ. ಸೂಜಿ ದಾರ ಮಾತ್ರ ಬೇಡ, ಪ್ರತಿ ಸೂಜಿ ತೂತಿನಿಂದಲೂ ಡೌನ್ ಹೊರಗೆ ಬರುತ್ತದೆ.