ಯೂನಿಟ್‌ನ ಪಾದ್ರಿ, ರೇಂಜಿನಲ್ಲಿ ಸಾವು: ಪತ್ತೇದಾರಿ ಕಾದಂಬರಿ ಬರೆದವರು ಅನುಭವ ಹೇಳಿ

ಮೂಡಬಿದ್ರೆ ಸಿಗ್ನಲ್ಸ್:
ಎಲ್ಲರಿಗೂ ನಮಸ್ಕಾರ. 17 ವರ್ಷ ಆರ್ಮಿಯ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿದ್ದು ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಈಗ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಫೈರಿಂಗ್ ರೇಂಜಿನಲ್ಲಿ ಒಬ್ಬ ಜವಾನ ಸಾಯುತ್ತಾನೆ, ಎಲ್ಲರೂ ಆಕ್ಸಿಡೆಂಟ್ ಅನ್ನುತ್ತಾರೆ. ಕೊಂದವನು ಪಾದ್ರಿ ಸಾಹೇಬರ ಹತ್ತಿರ ಪಾಪನಿವೇದನೆ ಮಾಡುತ್ತಾನೆ. ಪಾದ್ರಿಯೇ ನನ್ನ ಪತ್ತೇದಾರ, ಆದರೆ ಅವರು ಬಾಯಿ ಬಿಡುವ ಹಾಗಿಲ್ಲ. ಕಥೆ ಇಲ್ಲೇ ನಿಂತಿದೆ. ಆರ್ಮಿ ವಿಷಯ ಎಷ್ಟು ಬರೆಯಬಹುದು? ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಬೇಕಾ, ಪ್ರಕಾಶಕರನ್ನು ಹುಡುಕಬೇಕಾ?

ಬೆಳ್ತಂಗಡಿ ಗನ್ನರ್:
ಅಣ್ಣ, ಸ್ವಂತ ದುಡ್ಡು ಹಾಕಬೇಡಿ. ನಾನು 2018ರಲ್ಲಿ ಹಾಕಿದೆ. 224 ಪುಟ, 500 ಪ್ರತಿ. ಡಿಟಿಪಿಗೆ ಪುಟಕ್ಕೆ 25ರಂತೆ 5,600. ಕರಡು ತಿದ್ದಿದವರಿಗೆ 4,000. ಮುಖಪುಟಕ್ಕೆ 3,500, ಅದರಲ್ಲಿ ಚಿತ್ರ ಬರೆದವರು ಜವಾನನ ಕೈಗೆ ಎಕೆ ರೈಫಲ್ ಕೊಟ್ಟಿದ್ದರು, ನನ್ನ ಕಥೆಯಲ್ಲಿರುವುದು ಇನ್ಸಾಸ್, ಹಾಗಾಗಿ ಮತ್ತೆ ಬರೆಸಲು 1,500. ಅಚ್ಚಿಗೆ ಪ್ರತಿಗೆ 62ರಂತೆ 31,000. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮಾಡಿಸಿಕೊಡುತ್ತೇನೆ ಅಂತ ಒಬ್ಬರು 3,000 ತಗೊಂಡರು. ಬಿಡುಗಡೆ ದಿನ ಇಗರ್ಜಿ (ಚರ್ಚ್) ಹಾಲ್‌ನಲ್ಲಿ ಕಾಫಿ ತಿಂಡಿಗೆ 7,200. ಒಟ್ಟು 55,800. ಮಾರಿದ್ದು 140, ಅದರಲ್ಲಿ 90 ನೆಂಟರೇ ತಗೊಂಡಿದ್ದು. ಉಳಿದದ್ದು ಅಟ್ಟ ಸೇರಿತು. ಎರಡನೇ ಮಳೆಗಾಲಕ್ಕೆ ಹೆಂಚು ಸೋರಿತು, ಆಮೇಲೆ ಗೆದ್ದಲು ಹಿಡಿಯಿತು. 80 ಪ್ರತಿಗಳನ್ನು ನಾನೇ ತೋಟದ ಮೂಲೆಯಲ್ಲಿ ಸುಟ್ಟೆ. ಆ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಅದಕ್ಕಿಂತ ನೋವಾಗಿದ್ದು ಇನ್ನೊಂದು. ರೇಂಜಿನಲ್ಲಿ ಫೈರಿಂಗ್ ಮುಗಿದ ಮೇಲೆ ಖೋಕಾ, ಅಂದರೆ ಹಾರಿಸಿದ ಗುಂಡಿನ ಖಾಲಿ ಚಿಪ್ಪು, ಎಣಿಸಿ ಜಮಾ ಮಾಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಒಂದು ಕಡಿಮೆ ಬಂದರೂ ಸಾಲಾಗಿ ನಿಲ್ಲಿಸಿ ಹುಲ್ಲೆಲ್ಲ ಹುಡುಕಿಸುತ್ತಾರೆ, ಊಟದ ಹೊತ್ತು ಮೀರಿದರೂ ಬಿಡುವುದಿಲ್ಲ. ನನ್ನ ಕೊಲೆಗಾರ ಎರಡು ಗುಂಡು ಜಾಸ್ತಿ ಹಾರಿಸಿ ಸುಮ್ನೆ ಹೋಗಿಬಿಡುತ್ತಾನೆ. ಗೊತ್ತಿದ್ದೂ ಕಥೆಯ ಓಟಕ್ಕೆ ಅಂತ ಬಿಟ್ಟೆ. ನನ್ನ ಬ್ಯಾಟರಿಯ (ತೋಪಿನ ತುಕಡಿಯ) ಹಳೆ ಸುಬೇದಾರ್ ಸಾಹೇಬರು ಫೋನ್ ಮಾಡಿ, "ಆ ಎರಡು ಖೋಕಾ ಎಲ್ಲಿ ಹೋಯ್ತು?" ಅಂತ ಒಂದೇ ಮಾತು ಕೇಳಿ ಇಟ್ಟರು.

ಶಿರ್ವ ಟೀಚರ್:
ಐಎಸ್‌ಬಿಎನ್‌ಗೆ ದುಡ್ಡೇ ಇಲ್ಲ. ನಮ್ಮ ದೇಶದಲ್ಲಿ ಅದು ಉಚಿತ, ಸರ್ಕಾರದ ಪೋರ್ಟಲ್‌ನಲ್ಲಿ ನಾವೇ ಅರ್ಜಿ ಹಾಕಬಹುದು. ಗನ್ನರ್ ಅಣ್ಣ 3,000 ಕಳೆದುಕೊಂಡಿದ್ದು ವಿಚಾರಿಸದೆ.

ನಾನು ಧರ್ಮೋಪದೇಶದ ಟೀಚರ್. ನನ್ನ ದೊಡ್ಡಣ್ಣ ಆರ್ಮಿಯಲ್ಲಿದ್ದ. ಅಸ್ಸಾಂ ರೆಜಿಮೆಂಟ್‌ನವರ ಪಕ್ಕ ಇದ್ದಾಗ ಭಾನುವಾರ ಮಿಜೋ, ನಾಗಾ ಹುಡುಗರ ಹಾಡು ಕೇಳಲಿಕ್ಕೇ ಹೋಗುತ್ತಿದ್ದೆ ಅನ್ನುತ್ತಿದ್ದ. ಅವನು ಹೇಳಿದ್ದರಿಂದಲೇ ಬರೆಯಲು ಕೂತೆ. ನನ್ನ ಫಾದರ್ ಕುಮ್ಸಾರಿನಲ್ಲಿ, ಅಂದರೆ ಪಾಪನಿವೇದನೆಯಲ್ಲಿ, ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ಪೊಲೀಸರ ಕಣ್ಣಿಗೆ ಬೀಳುವ ಹಾಗೆ ಒಂದು ವಸ್ತುವನ್ನು ಸರಿಸಿಡುತ್ತಾರೆ. ಬಹಳ ಚೆನ್ನಾಗಿದೆ ಅಂದುಕೊಂಡಿದ್ದೆ. ನಮ್ಮ ಪರಿಚಯದ ಒಬ್ಬ ಗುರುಗಳು 180ನೇ ಪುಟದಲ್ಲಿ ಪೆನ್ಸಿಲ್ ಗೆರೆ ಎಳೆದು ವಾಪಸ್ ಕೊಟ್ಟರು. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 983ನೇ ನಿಯಮ ಗುಟ್ಟು ಬಿಡಬಾರದು ಅನ್ನುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ 984 ಇನ್ನೂ ಮುಂದೆ ಹೋಗುತ್ತದೆ. ಗುಟ್ಟು ಹೊರಬೀಳುವ ಭಯವೇ ಇಲ್ಲದಿದ್ದರೂ, ಕೇಳಿ ತಿಳಿದದ್ದನ್ನು ಹೇಳಿದವನಿಗೆ ಕೆಡುಕಾಗುವ ಹಾಗೆ ಬಳಸಬಾರದು. ಒಂದು ವಸ್ತು ಸರಿಸುವುದೂ ತಪ್ಪೇ. 61 ಪುಟ ತೆಗೆದುಹಾಕಿದೆ. ಮತ್ತೆ ಬರೆಯಲು 14 ತಿಂಗಳು ಹಿಡಿಯಿತು.

ಈಗ ನನ್ನ ಕೊಲೆಗಾರ ಪಾಪನಿವೇದನೆಗೆ ಬರುವುದೇ ಇಲ್ಲ. ಪ್ರತಿ ಭಾನುವಾರ ಪರಮಪ್ರಸಾದಕ್ಕೆ ಮೊದಲು ಎದ್ದು ಬರುತ್ತಿದ್ದವನು ಒಂದು ವಾರ ಬೆಂಚಿನಲ್ಲೇ ಕೂತಿರುತ್ತಾನೆ. ಮುಂದಿನ ವಾರವೂ ಕೂತಿರುತ್ತಾನೆ. ದೊಡ್ಡ ಪಾಪ ಹೊತ್ತವನು ಪರಮಪ್ರಸಾದ ತಗೊಳ್ಳುವ ಹಾಗಿಲ್ಲವಲ್ಲ. ಇಡೀ ಇಗರ್ಜಿಯ ಕಣ್ಣೆದುರು ನಡೆಯುವುದು ಅದು, ಗುಟ್ಟಲ್ಲ. ಫಾದರ್ ಅಲ್ಲಿಂದ ಶುರು ಮಾಡುತ್ತಾರೆ.

ಉಡುಪಿ ಬಿಎಸ್‌ಎಫ್:
ಕ್ರೈಸ್ತ ನಂಬಿಕೆ ಅಂದ ಕೂಡಲೇ ಫಾದರ್, ಕುಮ್ಸಾರ್. ನಾವು ಪ್ರಾಟೆಸ್ಟೆಂಟರೂ ಇದ್ದೇವೆ ಸ್ವಾಮಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟಿದ್ದು ಆ ಮಿಷನ್‌ನವರಿಂದಲೇ. ನಮ್ಮ ಸಭಾಪಾಲಕರ ಹತ್ತಿರ ಪಾಪನಿವೇದನೆ ಕೇಳುವ ಆ ಗೂಡೇ ಇಲ್ಲ. ಹಾಗಂತ ನಮಗೆ ಕಥೆ ಇಲ್ವಾ?

ಸಮುವೇಲನ ಎರಡನೇ ಗ್ರಂಥ, 11ನೇ ಅಧ್ಯಾಯ ತೆಗೆಯಿರಿ. ಊರೀಯ ಒಬ್ಬ ಸಿಪಾಯಿ. ಅವನ ಹೆಂಡತಿಯನ್ನು ರಾಜ ದಾವೀದ ಕರೆಸಿಕೊಂಡ. ಮುಚ್ಚಿಹಾಕಲು ಊರೀಯನನ್ನು ರಜೆಯ ಹಾಗೆ ಊರಿಗೆ ಕರೆಸಿದ. ಜೊತೆಯವರು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೋಗುವುದಿಲ್ಲ ಅಂದ ಅವನು. ಕಡೆಗೆ ಅವನ ಸಾವಿನ ಆರ್ಡರನ್ನು ಅವನ ಕೈಯಲ್ಲೇ ಸೇನಾಪತಿ ಯೋವಾಬನಿಗೆ ಕಳಿಸಿದರು. ಜೋರು ಯುದ್ಧ ಇರುವ ಕಡೆ ನಿಲ್ಲಿಸಿ ಹಿಂದೆ ಸರಿಯಿರಿ ಅಂತ. ಲೆಕ್ಕದಲ್ಲಿ ಅದು ಯುದ್ಧದ ಸಾವು. ಆಮೇಲೆ ಪ್ರವಾದಿ ನಾತಾನ ಬಂದು ಒಂದು ಕುರಿಮರಿಯ ಕಥೆ ಹೇಳಿ, ತಪ್ಪಿತಸ್ಥನ ಬಾಯಲ್ಲೇ ತೀರ್ಪು ಹೇಳಿಸಿದ. ನನ್ನ ಕಾದಂಬರಿ ಇದರ ಮೇಲೆಯೇ ನಿಂತಿದೆ.

ಆದರೆ ಅಚ್ಚಾಗಿಲ್ಲ. ಅನುಮತಿಗೆ ಕೊಟ್ಟ ಪ್ರತಿ 11 ತಿಂಗಳಿಂದ ಒಂದು ಕಚೇರಿಯಲ್ಲಿದೆ. ನಾಲ್ಕು ಸಲ ಪತ್ರ ಬರೆದೆ, ಎರಡು ಸಲ ರೈಲು ಹತ್ತಿ ಹೋದೆ, ಹೋಗಿ ಬರಲು 4,300 ಆಯಿತು. ನಿಮಗೂ ಅನುಮತಿ ಬೇಕಾಗುತ್ತದೆ, ಈಗಲೇ ಹಾಕಿ.

ಬೆಳ್ತಂಗಡಿ ಗನ್ನರ್:
ಸುಮ್ನೆ ಹೆದರಿಸಬೇಡಿ. ನೀವು ಹೇಳುವುದು ಅಚ್ಚಿಗೆ ಮೊದಲು ಅನುಮತಿ ಕೇಳಬೇಕು ಅನ್ನುವ 2021ರ ಪೆನ್ಷನ್ ನಿಯಮ. ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ, ಭದ್ರತಾ ಸಂಸ್ಥೆಗಳವರಿಗೆ ಅದು. ಬಿಎಸ್‌ಎಫ್ ಆ ಪಟ್ಟಿಯಲ್ಲಿದೆ, ಆರ್ಮಿ ಇಲ್ಲ. ಸರ್ವಿಸ್‌ನಲ್ಲಿ ಇರುವವರಿಗೆ ಆರ್ಮಿ ರೂಲ್ 21 ಇದೆ, ಮೊದಲೇ ಕೇಳಬೇಕು. ಮೂಡಬಿದ್ರೆ ಅಣ್ಣ ಪೆನ್ಷನ್ ಬಂದವರು. ಆದರೆ 1923ರ ಗುಪ್ತ ಮಾಹಿತಿ ಕಾಯ್ದೆ ಪೆನ್ಷನ್ ಬಂದ ಮೇಲೂ ಬಿಡುವುದಿಲ್ಲ. ಫ್ರೀಕ್ವೆನ್ಸಿ, ಕೋಡ್, ಯಾವ ಪೋಸ್ಟ್ ಎಲ್ಲಿದೆ, ಇವನ್ನು ಬರೆಯಬೇಡಿ. ಲಂಗರಿನ (ಯೂನಿಟ್ ಅಡುಗೆಮನೆಯ) ದಾಲ್, ರೋಲ್ ಕಾಲ್, ಕೋತ್‌ನ ಎಣ್ಣೆ ವಾಸನೆ ಎಷ್ಟು ಬೇಕಾದರೂ ಬರೆಯಿರಿ. ಕೋತ್ ಅಂದರೆ ಬಂದೂಕು ಇಡುವ ಕೋಣೆ.

ಉಡುಪಿ ಬಿಎಸ್‌ಎಫ್:
ನಾನು ಹೆದರಿಸುತ್ತಿಲ್ಲ, ಅನುಭವಿಸಿದ್ದನ್ನು ಹೇಳಿದೆ. 11 ತಿಂಗಳು ಕಾದು ನೋಡಿ, ಆಗ ಗೊತ್ತಾಗುತ್ತದೆ.

ಶಿರ್ವ ಟೀಚರ್:
ಬೈಬಲಿನ ಪತ್ತೇದಾರಿ ಅಂದರೆ ಸುಸನ್ನಾಳ ಕಥೆ. ಇಬ್ಬರು ಹಿರಿಯರು ಅವಳ ಮೇಲೆ ವ್ಯಭಿಚಾರದ ಸುಳ್ಳು ಸಾಕ್ಷಿ ಹೇಳುತ್ತಾರೆ. ದಾನಿಯೇಲ ಅವರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಅಂತ ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರ ಹೇಳಿ ಸಿಕ್ಕಿಬೀಳುತ್ತಾರೆ. ಮುಂದಿನ ಅಧ್ಯಾಯದಲ್ಲಿ ಗುಡಿಯ ನೆಲಕ್ಕೆ ಬೂದಿ ಚೆಲ್ಲಿ, ನೈವೇದ್ಯ ಕದ್ದು ತಿನ್ನುವ ಪೂಜಾರಿಗಳ ಹೆಜ್ಜೆಗುರುತು ಹಿಡಿಯುತ್ತಾನೆ. ದಾನಿಯೇಲನ ಗ್ರಂಥ, 13 ಮತ್ತು 14.

ಉಡುಪಿ ಬಿಎಸ್‌ಎಫ್:
ದಾನಿಯೇಲನ ಗ್ರಂಥ 12ಕ್ಕೆ ಮುಗಿಯುತ್ತದೆ ಟೀಚರ್.

ಶಿರ್ವ ಟೀಚರ್:
ನಿಮ್ಮದರಲ್ಲಿ ಮುಗಿಯುತ್ತದೆ.

ಉಡುಪಿ ಬಿಎಸ್‌ಎಫ್:
ಹೀಬ್ರೂ ಬೈಬಲಿನಲ್ಲೂ ಇಲ್ಲ. ನಮ್ಮವರು ತೆಗೆದದ್ದಲ್ಲ, ನೀವು ಸೇರಿಸಿಕೊಂಡಿದ್ದು.

ಶಿರ್ವ ಟೀಚರ್:
ಗ್ರೀಕ್ ಬೈಬಲಿನಲ್ಲಿ ಮೊದಲಿನಿಂದಲೂ ಇದೆ. ನಾನು 22 ವರ್ಷ ಮಕ್ಕಳಿಗೆ ಹೇಳಿಕೊಟ್ಟ ಕಥೆ, ಇಲ್ಲ ಅನ್ನಬೇಡಿ.

ಮಡಿಕೇರಿಯಿಂದ:
ಇಬ್ಬರೂ ಒಂದು ನಿಮಿಷ ನಿಲ್ಲಿಸಿ. ನನ್ನ ಯಜಮಾನರು 24 ವರ್ಷ ಸರ್ವಿಸ್ ಮಾಡಿದರು. ನಾನು ಬರೆದ ಕಥೆಯಲ್ಲಿ ಸತ್ತವನು ಯೂನಿಟ್‌ನ ಕ್ಷೌರಿಕ, ಸಿವಿಲಿಯನ್. ಕೊಂದವನು ಲ್ಯಾನ್ಸ್ ನಾಯಕ್. ಜಾಗ ಬೆಳಗಾವಿ. ಆರು ಅಧ್ಯಾಯ ಕೋರ್ಟ್ ಮಾರ್ಷಲ್ ಬರೆದೆ, ಪ್ರತಿ ಮಾತೂ ಅಳೆದು ತೂಗಿ. ಒಬ್ಬ ವಕೀಲರು ಓದಿ, ಇದು ನಡೆಯುವುದೇ ಇಲ್ಲ ಅಂದರು. ಆರ್ಮಿ ಕಾಯ್ದೆಯ 70ನೇ ಸೆಕ್ಷನ್. ಹೊರಗಿನವರನ್ನು ಕೊಂದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಆಕ್ಟಿವ್ ಸರ್ವಿಸ್ (ಶತ್ರುವಿನ ವಿರುದ್ಧದ ಕಾರ್ಯಾಚರಣೆ), ವಿದೇಶ, ಇಲ್ಲವೇ ಸರ್ಕಾರ ಗೊತ್ತುಮಾಡಿದ ಗಡಿ ಪೋಸ್ಟ್ ಆಗಿದ್ದರೆ ಮಾತ್ರ ಬೇರೆ. ಆರೂ ಅಧ್ಯಾಯ ಹೋಯಿತು. ಮೂಡಬಿದ್ರೆಯವರೇ, ನಿಮ್ಮ ಸತ್ತವನು ಜವಾನನೇ ಆಗಿರುವುದು ಒಳ್ಳೆಯದಾಯಿತು. ಕೋರ್ಟ್ ಆಫ್ ಇನ್‌ಕ್ವೈರಿ (ಆರ್ಮಿಯ ಒಳಗಿನ ವಿಚಾರಣೆ) ಬರೆಯುವಾಗ ಆರ್ಮಿ ರೂಲ್ 180 ನೋಡಿ, ಯಾರ ಹೆಸರಿಗೆ ಮಸಿ ಬೀಳುತ್ತದೋ ಅವನು ಪೂರ್ತಿ ಎದುರಿಗೆ ಕೂತು ಸಾಕ್ಷಿಗಳನ್ನು ಪ್ರಶ್ನೆ ಮಾಡಬಹುದು. ಅಲ್ಲಿ ಒಳ್ಳೆಯ ದೃಶ್ಯ ಸಿಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಮೊದಲ ಪುಟದಲ್ಲೇ ಒಬ್ಬ ಹುಡುಗನನ್ನು ಸಾಯಿಸಿ, ಖೋಕಾ ಎಣಿಸುತ್ತೀರಿ. ಅವನ ಟ್ರಂಕ್ ಮನೆಗೆ ಬರುತ್ತದಲ್ಲಾ, ಅದನ್ನು ತೆಗೆಯುವುದು ಯಾರು? ನಾನು ನಮ್ಮ ಕ್ವಾರ್ಟರ್ಸ್ ಪಕ್ಕದ ಮನೆಯಲ್ಲಿ ಅದನ್ನು ನೋಡಿದ್ದೇನೆ. ಮಡಚಿಟ್ಟ ಬನಿಯನ್ ಹಿಡಿದು ಅವರಮ್ಮ ಕೂತಿದ್ದರು.

ಬೆಳ್ತಂಗಡಿ ಗನ್ನರ್:
ಮೇಡಂ, ನಿಮ್ಮ ಮಾತು ಸರಿ. ನನ್ನ ಪುಸ್ತಕದಲ್ಲಿ ತಾಯಿಯೇ ಇಲ್ಲ.

ಮೂಡಬಿದ್ರೆ ಸಿಗ್ನಲ್ಸ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊರೀಯನ ಅಧ್ಯಾಯ ಎರಡು ಸಲ ಓದಿದೆ. ಪಾಪನಿವೇದನೆ ಕಥೆಯಲ್ಲಿ ಇರಲಿ, ಪಾದ್ರಿ ಮಾತ್ರ ಪತ್ತೇದಾರ ಆಗುವುದು ಬೇಡ ಅನಿಸಿದೆ. ಹುಡುಕುವವನು ಕೋತ್ ನೋಡಿಕೊಳ್ಳುವ ಎನ್‌ಸಿಒ. ಲೆಕ್ಕದಲ್ಲಿ ಒಂದು ಖೋಕಾ ಜಾಸ್ತಿ ಬಂದಿರುತ್ತದೆ, ಕಡಿಮೆ ಅಲ್ಲ. ಟ್ರಂಕ್ ಒಯ್ಯುವವನೂ ಅವನೇ. ಟೀಚರ್, ಪರಮಪ್ರಸಾದಕ್ಕೆ ಬಾರದೆ ಕೂತವನನ್ನು ನಾನು ಬಳಸಬಹುದಾ?

ಶಿರ್ವ ಟೀಚರ್:
ಬೇಡ ಅಣ್ಣ. ಅದಕ್ಕೆ 14 ತಿಂಗಳು ಕೊಟ್ಟಿದ್ದೇನೆ, ಪುಸ್ತಕ ಇನ್ನೂ ಅಚ್ಚಿನಲ್ಲಿದೆ. ನಿಮ್ಮ ಜಾಸ್ತಿ ಬಂದ ಖೋಕಾ ಚೆನ್ನಾಗಿದೆ, ಅದನ್ನೇ ಹಿಡಿದು ಹೋಗಿ.